ಇಂಗ್ಲೆಂಡಿಗೆ ಯೂನಿಯನ್ ಜಾಕ್ ಕಟ್ಟಬಹುದಾ?

ಕುಂಬಳೆ ಕಾರ್ನರ್: 2026ರ ಫುಟ್ಬಾಲ್ ವಿಶ್ವಕಪ್‌ಗೆ ಕ್ಲಬ್ಬಿನಿಂದ ಪೇಟೆಯಲ್ಲಿ ಬಾವುಟ ಕಟ್ಟುವುದುಂಟು. ಫ್ಲೆಕ್ಸ್ ಅಂಗಡಿಯವರು ಇಂಗ್ಲೆಂಡಿಗೆ ಯೂನಿಯನ್ ಜಾಕ್ ಡಿಸೈನ್ ಕಳಿಸಿದ್ದಾರೆ, ಸರಿಯಾ? ಬ್ರೆಜಿಲ್ ಗುಂಪಿನಲ್ಲಿ ಸ್ಕಾಟ್ಲೆಂಡ್ ಬೇರೆಯೇ ಉಂಟಲ್ಲ. ಒಲಿಂಪಿಕ್ಸಿನಲ್ಲಿ ಒಂದೇ ತಂಡ, ಇಲ್ಲಿ ಯಾಕೆ ಬೇರೆ ಬೇರೆ?

ಉಪ್ಪಳದವ: ತಪ್ಪು, ವಾಪಸ್ ಕಳಿಸಿ. ಯೂನಿಯನ್ ಜಾಕ್ ಇಡೀ ಬ್ರಿಟನ್ನಿನದ್ದು. ಇಂಗ್ಲೆಂಡಿನದ್ದು ಬಿಳಿ ಬಟ್ಟೆಯ ಮೇಲೆ ಪ್ಲಸ್ ಗುರುತಿನ ಹಾಗೆ ಕೆಂಪು ಶಿಲುಬೆ, ಪಟ್ಟಿಯ ಅಗಲ ಬಾವುಟದ ಎತ್ತರದ ಐದನೇ ಒಂದು ಪಾಲು. 5 ಅಡಿ ಉದ್ದ, 3 ಅಡಿ ಎತ್ತರದ್ದಾದರೆ ಸುಮಾರು 7 ಇಂಚು. ಸ್ಕಾಟ್ಲೆಂಡಿನದ್ದು ನೀಲಿಯ ಮೇಲೆ ಮೂಲೆಯಿಂದ ಮೂಲೆಗೆ X ಆಕಾರದ ಬಿಳಿ ಪಟ್ಟಿ. ಕಡು ನೀಲಿ ಹಾಕಿಸಬೇಡಿ, ಅದು ಯೂನಿಯನ್ ಜಾಕಿನ ನೀಲಿ. ಇದಕ್ಕೆ ಸ್ವಲ್ಪ ತಿಳಿಯಾದದ್ದು ಬೇಕು.

ಬದಿಯಡ್ಕ ಲೆಫ್ಟ್ ವಿಂಗ್: ಕಾರಣ ಸರಳ: ಇವರ ಸಂಘಗಳು ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾಕ್ಕಿಂತ ಹಳೆಯವು. ಇಂಗ್ಲೆಂಡಿನದ್ದು 1863, ಸ್ಕಾಟ್ಲೆಂಡಿನದ್ದು 1873. ಫಿಫಾ ಹುಟ್ಟಿದ್ದೇ 1904ರಲ್ಲಿ. ಮೊದಲ ಅಂತಾರಾಷ್ಟ್ರೀಯ ಪಂದ್ಯವೂ ಇವರಿಬ್ಬರದ್ದೇ, 1872ರ ನವೆಂಬರ್ 30, ಗ್ಲಾಸ್ಗೋ, 0-0. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್, ಈ ನಾಲ್ಕೂ ತಂಡಗಳ ವಾರ್ಷಿಕ ಚಾಂಪಿಯನ್‌ಶಿಪ್ 1984ರವರೆಗೆ ನಡೆಯಿತು. ಕೊನೆಯದನ್ನು ಗೆದ್ದದ್ದು ಉತ್ತರ ಐರ್ಲೆಂಡ್, ಅದೂ ಗೋಲು ವ್ಯತ್ಯಾಸದಲ್ಲಿ.

ಈಗಲೂ ಬಿಟ್ಟುಕೊಡದಿರಲು ಕಾರಣ ಓಟು. ಆಟದ ನಿಯಮ ಬದಲಿಸುವ ಮಂಡಳಿಯಲ್ಲಿ ಎಂಟು ಓಟು: ನಾಲ್ಕು ಫಿಫಾದ್ದು, ಉಳಿದ ನಾಲ್ಕು ಈ ನಾಲ್ವರದ್ದು. ಬದಲಾವಣೆಗೆ ಆರು ಬೇಕು, ಅಂದರೆ ಫಿಫಾ ಒಂದೇ ಏನೂ ಮಾಡುವಂತಿಲ್ಲ. ಒಟ್ಟಿಗೆ ಆಡಿದರೆ "ಒಂದೇ ತಂಡ ಸಾಕಲ್ಲ" ಎಂದಾರು ಎಂಬ ಹೆದರಿಕೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬ್ರಿಟನ್ ಪುರುಷರ ಫುಟ್ಬಾಲ್ ತಂಡ ಇಳಿದಾಗ ಅದರಲ್ಲಿ ಇಂಗ್ಲೆಂಡ್, ವೇಲ್ಸಿನವರು ಮಾತ್ರ ಇದ್ದರು.

ಕುಂಬಳೆ ಕಾರ್ನರ್: ಪಾಸ್‌ಪೋರ್ಟ್ ಒಂದೇ ಅಲ್ವಾ, ಆಟಗಾರ ಯಾರ ಪಾಲು ಎಂದು ಹೇಗೆ ತಿಳಿಯುವುದು?

ಬದಿಯಡ್ಕ ಲೆಫ್ಟ್ ವಿಂಗ್: ಪಾಸ್‌ಪೋರ್ಟ್ ಸಾಲದು. ಅವನೋ ಅಪ್ಪ-ಅಮ್ಮನೋ ಅಜ್ಜ-ಅಜ್ಜಿಯೋ ಅಲ್ಲಿ ಹುಟ್ಟಿರಬೇಕು. ಇಲ್ಲವೇ 18 ತುಂಬುವ ಮೊದಲು ಐದು ವರ್ಷ ಅಲ್ಲಿ ಓದಿರಬೇಕು. ಈ ಶಾಲೆಯ ನಿಯಮ ಆಮೇಲೆ ಬಂದದ್ದು. ರಯಾನ್ ಗಿಗ್ಸ್ ಹುಟ್ಟಿದ್ದು ವೇಲ್ಸಿನ ಕಾರ್ಡಿಫ್, ಓದಿದ್ದು ಇಂಗ್ಲೆಂಡ್. ಅಲ್ಲಿನ ಶಾಲಾ ಬಾಲಕರ ತಂಡಕ್ಕೆ ನಾಯಕನಾದರೂ ಆಗಿನ ನಿಯಮದಲ್ಲಿ ಹಿರಿಯರ ತಂಡಕ್ಕೆ ಸಲ್ಲುತ್ತಿರಲಿಲ್ಲ. ವೇಲ್ಸಿಗೇ ಆಡಿದರು.

ಮಂಜೇಶ್ವರ ಥರ್ಡ್ ಮ್ಯಾನ್: ಇದನ್ನು ಬೇರೆ ಆಟಕ್ಕೆ ಹಾಗೆಯೇ ಹಚ್ಚಬೇಡಿ ಮಾರಾಯ್ರೆ. ಕ್ರಿಕೆಟಿನಲ್ಲಿ ವೇಲ್ಸಿಗೆ ಬೇರೆ ತಂಡವಿಲ್ಲ, 2005ರ ಆಶಸ್‌ನಲ್ಲಿ ವೇಲ್ಸಿನ ಸೈಮನ್ ಜೋನ್ಸ್ ಇಂಗ್ಲೆಂಡಿಗೇ ಬೌಲ್ ಮಾಡಿದ್ದು. ಕ್ರಿಕೆಟ್, ರಗ್ಬಿ ಎರಡರಲ್ಲೂ ಐರ್ಲೆಂಡ್ ಇಡೀ ದ್ವೀಪಕ್ಕೆ ಒಂದೇ ತಂಡ. ಕಾಮನ್‌ವೆಲ್ತ್ ಕೂಟದಲ್ಲಿ ಮತ್ತೆ ನಾಲ್ವರೂ ಬೇರೆ. ಇನ್ನು ರಗ್ಬಿಯಲ್ಲಿ ಇಂಗ್ಲೆಂಡ್-ಸ್ಕಾಟ್ಲೆಂಡ್ ಗುದ್ದಾಡುವ ಕಲ್ಕತ್ತಾ ಕಪ್ ನಮ್ಮ ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ್ದು! ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚುವಾಗ ಬ್ಯಾಂಕಿನ ಹಣವನ್ನೆಲ್ಲ ನಾಣ್ಯವಾಗಿ ತೆಗೆದರು. 1879ರಿಂದ ಅದಕ್ಕಾಗಿ ಆಡುತ್ತಿದ್ದಾರೆ, ಹಿಡಿಗಳಿಗೆ ನಾಗರಹಾವು, ಮುಚ್ಚಳದ ಮೇಲೆ ಆನೆ.