ಒಂದ ಸರ್ವರ್, ಮೂರ ಕೆಲಸ: ಬಿಲ್ಲಿಂಗ್ ನಿಲ್ಲತೈತಿ, ಏನ್ ಮಾಡ್ಲಿ?

ಕೇಳಿದವರು, ಜಮಖಂಡಿ:
ನಮ್ಮ ಸೊಸೈಟಿ ಬಿಲ್ಲಿಂಗ್, ಸಿಸಿಟಿವಿ ರೆಕಾರ್ಡಿಂಗ್, ಲೆಕ್ಕದ ರಿಪೋರ್ಟ್ ಮೂರೂ ಒಂದ ಲಿನಕ್ಸ್ ಸರ್ವರ್‌ನ್ಯಾಗ ಅದಾವ. ರಿಪೋರ್ಟ್ ಶುರು ಆತಂದ್ರ ಕೌಂಟರ್ ಗಪ್. ಒಂದೊಂದು ಕೆಲಸಕ್ಕ ಇಷ್ಟ ಅಂತ ಮಿತಿ ಹಾಕೋದೋ, ಬ್ಯಾರೆ ಮಷೀನ್ ತಗೊಳ್ಳೋದೋ? ಮಾಡಿದವರು ಹೇಳ್ರಿ.

ಬೆಳಗಾವಿ, ಉದ್ಯಮಬಾಗ:
ಬ್ಯಾರೆ ಮಷೀನ್ ತಗೋರಿ. ನಮ್ಮ ಫೌಂಡ್ರಿಯೊಳಗ ಬ್ಯಾಕಪ್ ನಡದಾಗ ಗೇಟ್‌ಪಾಸ್ ಪ್ರಿಂಟ್ ಬರತಿರ್ಲಿಲ್ಲ. ಲಾರಿ ಗೇಟಿನ್ಯಾಗ, ಡ್ರೈವರ್ ನಿಂತಿದ್ದಕ್ಕ ಹಾಲ್ಟಿಂಗ್ ರೊಕ್ಕ ಕೇಳಾಂವ. ಸೆಕೆಂಡ್ ಹ್ಯಾಂಡ್ ಸರ್ವರ್ 62,000, ಎರಡು ಎಸ್‌ಎಸ್‌ಡಿ 18,400, ಯುಪಿಎಸ್ ಬ್ಯಾಟರಿ 11,000. ತಂದು ನೋಡಿದ್ರ ಡಿಸ್ಕುಗಳನ್ನ ಜೋಡಿಸಿ ನಡಸೋ ರೇಡ್ ಕಾರ್ಡಿನ ಬ್ಯಾಟರಿ ಸತ್ತಿತ್ತು. ಅದು ಸತ್ರ ರೈಟ್ ಕ್ಯಾಶ್ (ಡಿಸ್ಕಿಗೆ ಬರಿಯೋದನ್ನ ಮೊದಲ ಹಿಡದಿಡೋ ಮೆಮೊರಿ) ಬಂದ್, ಬರಿಯೋದೆಲ್ಲ ನಿಧಾನ. ಮತ್ತ 4,200. ಆದ್ರ ಆಮೇಲೆ ಗೇಟ್ ನಿಂತಿಲ್ಲ.

ಬಾಗಲಕೋಟೆ, ನವನಗರ:
ರೊಕ್ಕ ಸುರಿಯೋದು ಉಪಾಯ ಅಲ್ರಿ. ಯಾವ ಕೆಲಸಕ್ಕ ಎಷ್ಟು ಸಿಪಿಯು, ಎಷ್ಟು ಮೆಮೊರಿ ಅಂತ ಹಂಚೋ ಸಿಗ್ರೂಪ್ 2008ರಿಂದ ಲಿನಕ್ಸಿನ ತಿರುಳು ಕರ್ನಲ್‌ನ್ಯಾಗ ಐತಿ. ನಮ್ಮ ಲ್ಯಾಬಿನ್ಯಾಗ ಸಿಪಿಯು ವೇಟ್, ಅಂದ್ರ ಸಿಪಿಯುನ್ಯಾಗ ಪಾಲಿನ ತೂಕ, ಡೇಟಾಬೇಸಿಗೆ 800, ರಿಪೋರ್ಟಿಗೆ 20, ಡಿಫಾಲ್ಟ್ 100. ಮಷೀನ್ ಖಾಲಿ ಇದ್ರ ರಿಪೋರ್ಟ್ ಪೂರ್ತಿ ಓಡತೈತಿ, ಜಗ್ಗಾಟ ಬಿದ್ದಾಗಷ್ಟ ಹಿಂದ ಸರೀತೈತಿ. ಅದಕ್ಕೂ ಮೊದಲ ಒಬ್ಬ ವೆಂಡರ್ ಡೇಟಾಬೇಸಿಗೇ ಮೆಮೊರಿ ಮ್ಯಾಕ್ಸ್ (ದಾಟಾಕ ಬರದ ಮಿತಿ) ಹಾಕಿ ಹೋಗಿದ್ದ. ತಿಂಗಳ ಕೊನಿಗೆ, ಮೆಮೊರಿ ಸಾಲದಾಗ ಪ್ರೋಗ್ರಾಂ ಕೊಲ್ಲೋ ಓಓಎಂ ಕಿಲ್ಲರ್ ಡೇಟಾಬೇಸನ್ನೇ ಕೊಂದ್ ಹಾಕ್ತು. ಪೇಷಂಟ್‌ಗಳು ರಿಪೋರ್ಟಿಗೆ ಸಾಲಿನ್ಯಾಗ ನಿಂತಿದ್ರು. ಆ ಸಿಟ್ಟು ಇನ್ನೂ ಇಳದಿಲ್ಲ. ಈಗ ಡೇಟಾಬೇಸಿಗೆ ಮೆಮೊರಿ ಲೋ, ಅದು ಅಷ್ಟು ಮೆಮೊರಿ ಕಾಯ್ತೈತಿ; ರಿಪೋರ್ಟಿಗೆ ಮೆಮೊರಿ ಹೈ, ಅದು ದಾಟಿದ್ರ ಕೊಲ್ಲೋದಿಲ್ಲ, ತಡೀತೈತಿ.

ವಿಜಯಪುರ:
ನಾವು ಅಗ್ಗದ ಬರ್ಸ್ಟ್ ಕ್ಲೌಡ್ ಮಷೀನಿಗೆ ಹೋದ್ವಿ; ಖಾಲಿ ಇದ್ದಾಗ ಕ್ರೆಡಿಟ್ ಕೂಡಸಿ, ಬೇಕಾದಾಗ ಜೋರ ಓಡೋ ಬಾಡಿಗಿ ಮಷೀನ್ ಅದು. ಒಂದು ಕ್ರೆಡಿಟ್ ಅಂದ್ರ ಒಂದು ವಿಸಿಪಿಯು (ಕ್ಲೌಡ್ ಕೊಡೋ ಸಿಪಿಯು ಪಾಲು) ಒಂದು ನಿಮಿಷ ಪೂರ್ತಿ ಓಡೋದು. ಕಾಲೇಜ್ ರಿಸಲ್ಟ್ ದಿನ ಕ್ರೆಡಿಟ್ ಖಾಲಿ, ಮಷೀನಿನ ಹೊರೆ ತೋರಸೋ ಟಾಪ್ ಕಮಾಂಡಿನ್ಯಾಗ ಸ್ಟೀಲ್, ಅಂದ್ರ ನಮಗ ಸಿಗದ ಸಿಪಿಯು ಹೊತ್ತು, ಏರಿ ಕುಂತಿತ್ತು. ಹುಡುಗ್ರ ಬೈಗುಳ ನಾನು ತಿಂದೆ.

ಬೆಳಗಾವಿ, ಉದ್ಯಮಬಾಗ:
ನವನಗರದ ಸರ್, ಸಿಪಿಯು ವೇಟ್ ಹಾಕಿದ್ರ ಡಿಸ್ಕ್ ಸರಿ ಆಗತೈತೇನು? ನಮ್ಮದು ಡಿಸ್ಕಿನ ತ್ರಾಸು. ಡಿಸ್ಕಿನ್ಯಾಗ ಯಾರು ಮೊದಲ ಅಂತ ಹೇಳೋ ಅಯಾನೈಸ್ ಕಮಾಂಡ್ ಹಾಕಿ ನೋಡೀವಿ, ಏನೂ ಆಗ್ಲಿಲ್ಲ.

ಬಾಗಲಕೋಟೆ, ನವನಗರ:
ಡಿಸ್ಕಿನ ಸರದಿ ಹಚ್ಚೋ ಶೆಡ್ಯೂಲರ್ ‘none’ ಇದ್ರ ಅಯಾನೈಸ್ ಯಾರೂ ಕೇಳೋದಿಲ್ಲ. ಅಯಾನೈಸ್ ಕೇಳೋ ಬಿಎಫ್‌ಕ್ಯೂ ಶೆಡ್ಯೂಲರ್ ಮಾಡಿದ್ರೇನು? ಅದನ್ನ ನೋಡದ 90 ಸಾವಿರದ ಮ್ಯಾಲ ಖರ್ಚು ಮಾಡಿ ಮಂದಿಗೆ ಹಂಗ ಮಾಡ್ರಿ ಅನಬ್ಯಾಡ್ರಿ. ಜಮಖಂಡಿಯವರು ಮೊದಲ ಟಾಪ್‌ನ್ಯಾಗ ಐಓ ವೇಟ್ (ಡಿಸ್ಕಿಗೆ ಕಾಯೋ ಹೊತ್ತು) ನೋಡ್ಲಿ.

ಬೆಳಗಾವಿ, ಉದ್ಯಮಬಾಗ:
ನಿಮ್ಮ ಬಾಗಿಲಿಗೆ ಲಾರಿ ನಿಂತಿರೋದಿಲ್ರಿ. ನಮಗ ಅವತ್ತ ದಾರಿ ಬೇಕಿತ್ತು.

ವಿಜಯಪುರ:
ಹಳೆ ಸರ್ವರಿನ ಕರೆಂಟ್ ಬಿಲ್ ಯಾಕ ಹೇಳವಲ್ರಿ? ಹಗಲು ರಾತ್ರಿ ತಿಂತಾವ ಅವು.

ಬೆಳಗಾವಿ, ಉದ್ಯಮಬಾಗ:
ಫರ್ನೇಸ್ ನಡಸೋ ಮಂದಿಗೆ ಸರ್ವರಿನ ಬಿಲ್ ಕೇಳ್ತೀರಿ? ನಿಮ್ಮ ಕ್ಲೌಡಿನ ತಿಂಗಳ ಬಿಲ್ ಹಾಕ್ರಿ ಮೊದಲ.