ಸಹಾಯ ಬೇಕು: ಜೀವಾಮೃತ ಸೋಸುವ ವಿಧಾನ ಮತ್ತು ತೊಗರಿಯ ಕಾಯಿಕೊರಕ
ಎಲ್ಲರಿಗೂ ನಮಸ್ಕಾರ. ಇಂಡಿ ತಾಲ್ಲೂಕಿನ ನಮ್ಮೂರಿನ ಆರು ಮಂದಿ ಸಣ್ಣ ರೈತರು ಈ ವರ್ಷ ರಾಸಾಯನಿಕ ಬಿಟ್ಟು ಲಿಂಬೆ, ತೊಗರಿ ಬೆಳೆಯಲು ಒಪ್ಪಿದ್ದಾರೆ. ಅವರನ್ನು ಒಪ್ಪಿಸಲು ನನಗೆ ಎರಡು ಹಂಗಾಮು ಹಿಡಿದವು. 200 ಲೀಟರ್ ನೀರಿಗೆ 10 ಕೆ.ಜಿ. ಜವಾರಿ ಆಕಳ ಸೆಗಣಿ, 10 ಲೀಟರ್ ಗೋಮೂತ್ರ, ತಲಾ 2 ಕೆ.ಜಿ. ಬೆಲ್ಲ ಮತ್ತು ಕಡಲೆ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಬೆರೆಸಿ ಜೀವಾಮೃತ ಎಂಬ ದ್ರವ ಗೊಬ್ಬರ ತಯಾರಿಸುತ್ತಿದ್ದೇವೆ. ಆದರೆ ಹಳೆಯ ಸೀರೆಯಲ್ಲಿ ಎರಡು ಸಲ ಸೋಸಿದರೂ ಲಿಂಬೆ ತೋಟದ ಡ್ರಿಪ್ ಪೈಪಿನ ರಂಧ್ರಗಳು ಕಟ್ಟಿಕೊಳ್ಳುತ್ತಿದ್ದು, ಒಂದೊಂದನ್ನೇ ಪಿನ್ನಿನಿಂದ ಬಿಡಿಸುವುದರಲ್ಲಿ ಅರ್ಧ ದಿನ ಕಳೆಯುತ್ತದೆ. ಕಡಿಮೆ ಖರ್ಚಿನಲ್ಲಿ ಸೋಸುವ ವ್ಯವಸ್ಥೆ ಮಾಡಿಕೊಂಡವರು ದಯವಿಟ್ಟು ಫೋಟೊ ಸಹಿತ ವಿವರಿಸಬೇಕು. ತೊಗರಿ ಹೂವಿಗೆ ಬಂದಿದೆ. ಕಾಯಿಕೊರಕ ಹುಳುವಿಗೆ ಶೇ 5ರ ಬೇವಿನ ಬೀಜದ ಕಷಾಯವನ್ನು ಎಷ್ಟು ದಿನಕ್ಕೊಮ್ಮೆ ಸಿಂಪಡಿಸಿದ್ದೀರಿ ಎಂಬುದನ್ನೂ ಅನುಭವಿಗಳು ತಿಳಿಸಬೇಕು. ಒಬ್ಬರ ಬೆಳೆ ಕೈಕೊಟ್ಟರೆ ಉಳಿದ ಐವರೂ ಮತ್ತೆ ಔಷಧಿ ಅಂಗಡಿಗೆ ಹೋಗುತ್ತಾರೆ.