ಪ್ರಶ್ನೋತ್ತರ: ‘ನೋ ಸಿಗ್ನಲ್’ ಅಂತ ಬಂದರೆ ಮಾನಿಟರ್ ಹೋಯಿತು ಅಂತಲಾ?

ಡೊಂಬಿವಲಿ ಸದಸ್ಯೆ:
ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಕಂಪ್ಯೂಟರ್ ರಿಪೇರಿಯವರು ಒಬ್ಬರಿದ್ದಾರೆ ಅಂತ ಕೇಳಿದ್ದೆ, ದಯವಿಟ್ಟು ನೋಡಿ. ನಾನು ಮನೆಯಲ್ಲೇ ಕೂತು ನಾಲ್ಕೈದು ಅಂಗಡಿಗಳ ಲೆಕ್ಕ ಬರೆಯುವವಳು. ಹೋದ ವಾರದ ಮಳೆಗೆ ಕಂಪ್ಯೂಟರಿನ ಹಿಂದಿನ ಗೋಡೆ ಒದ್ದೆಯಾಯಿತು. ಮೇಜು ಎಳೆದು, ವಯರ್ ಎಲ್ಲ ಬಿಚ್ಚಿ, ಮೂರು ದಿನ ಬದಿಗಿಟ್ಟಿದ್ದೆವು. ನಿನ್ನೆ ಪುನಃ ಜೋಡಿಸಿದೆ. ಬಟನ್ ಒತ್ತಿದರೆ ಸಿಪಿಯು ಫ್ಯಾನಿನ ಸದ್ದು ಬರುತ್ತದೆ. ಮಾನಿಟರಿನಲ್ಲಿ ಮಾತ್ರ ‘ನೋ ಸಿಗ್ನಲ್’ ಅಂತ ಬಂದು, ಐದಾರು ಸೆಕೆಂಡಿಗೆ ಕಪ್ಪಾಗಿ, ಕೆಳಗಿನ ನೀಲಿ ದೀಪ ಕಿತ್ತಳೆಯಾಗುತ್ತದೆ. ಹತ್ತಿರದ ಅಂಗಡಿಯವನಿಗೆ ಫೋನ್ ಮಾಡಿದರೆ ‘ಮಾನಿಟರ್ ಗಯಾ, ನಯಾ ಲೇ ಲೋ’ ಅಂದ. ಎಂಟು ಸಾವಿರವಂತೆ. ಜುಲೈ ತಿಂಗಳು, ರಿಟರ್ನ್ಸ್ ತುಂಬುವ ಕೆಲಸ ತಲೆ ಮೇಲೆ ಕೂತಿದೆ. ತಗೊಂಡೇ ಬಿಡಲಾ?

ರಿಪೇರಿ ಅಣ್ಣ, ಲ್ಯಾಮಿಂಗ್ಟನ್ ರೋಡ್:
ಅಕ್ಕ, ಎಂಟು ಸಾವಿರ ಅಲ್ಲೇ ಇರಲಿ. ಸತ್ತ ಮಾನಿಟರ್ ಮಾತಾಡುವುದಿಲ್ಲ. ಅಕ್ಷರ ಮೂಡುತ್ತಿದೆ ಅಂದಮೇಲೆ ಅದಕ್ಕೆ ಕರೆಂಟ್ ಬರುತ್ತಿದೆ, ಪರದೆಯ ಹಿಂದಿನ ಬೆಳಕು ಉರಿಯುತ್ತಿದೆ, ಪರದೆಯೂ ಚೆನ್ನಾಗಿದೆ. ‘ನನಗೆ ಆ ಕಡೆಯಿಂದ ಏನೂ ಬರುತ್ತಿಲ್ಲ’ ಅಂತ ಅದು ದೂರು ಹೇಳುವುದಷ್ಟೆ. ನಳ್ಳಿಯಲ್ಲಿ ನೀರು ಬರದಿದ್ದರೆ ನೀವು ಮೊದಲು ಟೆರೇಸಿನ ಟಾಂಕಿ ನೋಡುತ್ತೀರೋ, ನಳ್ಳಿ ಬದಲಾಯಿಸುತ್ತೀರೋ?

ಅಂಗಡಿಯವನ ಮಾತು ಮನಸ್ಸಿನಲ್ಲಿ ಕೊರೆಯುತ್ತಿದ್ದರೆ ಒಂದು ಪರೀಕ್ಷೆ ಮಾಡಿ. ಮಾನಿಟರಿಗೆ ಎಚ್‌ಡಿಎಂಐ ತೂತು ಉಂಟಾ? ಇದ್ದರೆ ಟಿವಿಯ ಸೆಟ್‌ಟಾಪ್ ಬಾಕ್ಸಿನ ಕೇಬಲ್ ತಂದು ಚುಚ್ಚಿ, ಮಾನಿಟರಿನ ಬಟನ್ನಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಅಂತ ಇರುವಲ್ಲಿ ಎಚ್‌ಡಿಎಂಐ ಆರಿಸಿ. ಚಿತ್ರ ಬಂದರೆ ಮಾನಿಟರ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ಆಮೇಲೆ ಸೋರ್ಸ್ ಮೊದಲಿನ ಹಾಗೆ ಮಾಡಲು ಮರೆಯಬೇಡಿ. ಅದನ್ನು ಮರೆತು ಇಡೀ ಪೆಟ್ಟಿಗೆ ಹೊತ್ತುಕೊಂಡು ನಮ್ಮ ಅಂಗಡಿಗೆ ಬಂದವರಿದ್ದಾರೆ.

ಇನ್ನು ನನಗೆ ಬೇಕಾದ ಮಾಹಿತಿ: ಕೀಬೋರ್ಡಿನ ನಮ್ ಲಾಕ್ ಒತ್ತಿದರೆ ದೀಪ ಹೊತ್ತಿ ಆರುತ್ತದಾ? ಸಿಪಿಯು ಹಿಂಬದಿಯ ಒಂದು ಫೋಟೋ ಹಾಕಿ. ಬೀಪ್ ಅಂತ ಏನಾದರೂ ಕೇಳುತ್ತದಾ?

ಮುಲುಂಡ್ ಸದಸ್ಯ:
ಮಳೆಗಾಲದ ತೇವ ಇರಬೇಕು. ಹೇರ್ ಡ್ರೈಯರ್ ಬಿಸಿ ಮಾಡಿ ಹತ್ತು ನಿಮಿಷ ಹಿಡಿಯಿರಿ, ನನ್ನ ಮೊಬೈಲ್ ಹಾಗೇ ಸರಿಯಾಗಿತ್ತು.

ರಿಪೇರಿ ಅಣ್ಣ:
ಬೇಡ ಮಾರಾಯ್ರೆ! ಬಿಸಿ ಗಾಳಿಗೆ ಪ್ಲಾಸ್ಟಿಕ್ ಕನೆಕ್ಟರ್ ಸೊಟ್ಟಗಾದರೆ ಅದರ ರಿಪೇರಿಯೇ ಬೇರೆ. ಧೂಳು ಹೊಡೆಯಬೇಕಾದರೆ ತಣ್ಣನೆ ಗಾಳಿ, ಅದೂ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದು ಹಿಡಿದು. ಮಾನಿಟರ್ ಮತ್ತು ಪವರ್ ಸಪ್ಲೈ ಡಬ್ಬವನ್ನು ಮಾತ್ರ ಯಾರೂ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ, ಹೊಡೆದರೆ ತಮಾಷೆಯಲ್ಲ.

ಡೊಂಬಿವಲಿ ಸದಸ್ಯೆ:
ಅಣ್ಣ, ಸೆಟ್‌ಟಾಪ್ ಬಾಕ್ಸ್ ಹಾಕಿದೆ. ಅತ್ತೆಯ ಧಾರಾವಾಹಿ ಮಾನಿಟರಿನಲ್ಲಿ ಬಂತು, ಸದ್ದು ಮಾತ್ರ ಇಲ್ಲ. ಅತ್ತೆಗೆ ನನ್ನ ಮೇಲೆ ಸಿಟ್ಟು. ನಮ್ ಲಾಕ್ ದೀಪ ಹೊತ್ತುವುದೇ ಇಲ್ಲ. ಬೀಪ್ ಇಲ್ಲ. ಫೋಟೋ ಹಾಕಿದ್ದೇನೆ.

ರಿಪೇರಿ ಅಣ್ಣ:
ಆ ಮಾನಿಟರಿಗೆ ಸ್ಪೀಕರ್ ಇಲ್ಲ, ಅದಕ್ಕೇ ಸದ್ದಿಲ್ಲ. ಅತ್ತೆಗೆ ಕೇಬಲ್ ವಾಪಸ್ ಕೊಟ್ಟು ರಾಜಿ ಮಾಡಿಕೊಳ್ಳಿ.

ಫೋಟೋದಲ್ಲಿ ನೀಲಿ ತಲೆಯ 15 ಪಿನ್ನಿನ ವಿಜಿಎ ಕೇಬಲ್ ಎರಡೂ ಸ್ಕ್ರೂ ಬಿಗಿದು ಸರಿಯಾಗಿ ಕೂತಿದೆ. ಚಿತ್ರ ತಯಾರಿಸುವ ಬೇರೆ ಹಲಗೆ, ಅಂದರೆ ಗ್ರಾಫಿಕ್ಸ್ ಕಾರ್ಡ್, ಇಲ್ಲ. ಹಾಗಾಗಿ ನನ್ನ ಕಣ್ಣು ಈಗ ನಮ್ ಲಾಕ್ ಮೇಲೆ. ಆ ಸಣ್ಣ ದೀಪ ದೊಡ್ಡ ಸಾಕ್ಷಿ. ದೀಪ ಹೊತ್ತಿ ಆರಿದರೆ ಕಂಪ್ಯೂಟರ್ ಒಳಗೆ ಎದ್ದಿದೆ, ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ. ಆಗ ಕೇಬಲ್, ಪೋರ್ಟ್, ಸೋರ್ಸ್, ಗ್ರಾಫಿಕ್ಸ್ ನಡೆಸುವ ಸಾಫ್ಟ್‌ವೇರ್ ಅಂದರೆ ಡ್ರೈವರ್ ನೋಡಬೇಕು. ದೀಪ ಮಿಸುಕದಿದ್ದರೆ ಕಂಪ್ಯೂಟರ್ ಎದ್ದೇ ಇಲ್ಲ. ‘ಫ್ಯಾನ್ ತಿರುಗುತ್ತದಲ್ಲ?’ ಅಂತ ಎಲ್ಲರೂ ಕೇಳುತ್ತಾರೆ. ಫ್ಯಾನ್ ತಿರುಗಲು 12 ವೋಲ್ಟ್ ಸಾಕು, ಅದಕ್ಕೆ ಬುದ್ಧಿ ಬೇಡ. ಬಟನ್ ಒತ್ತಿದ ಕೂಡಲೇ ಮದರ್‌ಬೋರ್ಡ್, ಅಂದರೆ ಎಲ್ಲ ಭಾಗ ಕೂತಿರುವ ದೊಡ್ಡ ಹಲಗೆ, ತನ್ನ ಪ್ರೊಸೆಸರ್, ಕೆಲಸದ ಹೊತ್ತಿನ ನೆನಪಿನ ಪಟ್ಟಿಯಾದ ರ‍್ಯಾಮ್, ಗ್ರಾಫಿಕ್ಸ್ ಎಲ್ಲ ಹಾಜರಿದ್ದಾವಾ ಅಂತ ನೋಡಿಕೊಳ್ಳುತ್ತದೆ. ರ‍್ಯಾಮ್ ಸಿಗದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಚಿತ್ರ ಕಳಿಸುವ ಹಂತಕ್ಕೇ ಬರುವುದಿಲ್ಲ. ಹಿಂದೆಲ್ಲ ಬೀಪ್ ಹೊಡೆದು ಹೇಳುತ್ತಿತ್ತು. ಈಗ ಎಷ್ಟೋ ಕ್ಯಾಬಿನೆಟ್ಟಿನಲ್ಲಿ ಆ ಪುಟ್ಟ ಸ್ಪೀಕರೇ ಇರುವುದಿಲ್ಲ, ಆದ್ದರಿಂದ ಬೀಪ್ ಇಲ್ಲದ್ದಕ್ಕೆ ಅರ್ಥ ಹಚ್ಚಬೇಡಿ.

ಮೇಜು ಎಳೆದಾಡಿದ್ದೀರಿ, ಮೂರು ದಿನ ಒದ್ದೆ ಕೋಣೆಯಲ್ಲಿ ಇಟ್ಟಿದ್ದೀರಿ. ನನ್ನ ಅಂದಾಜು, ರ‍್ಯಾಮ್ ಸ್ವಲ್ಪ ಸಡಿಲಾಗಿದೆ ಅಥವಾ ಅದರ ಕಾಲುಗಳ ಮೇಲೆ ಮಂಕು ಹಿಡಿದಿದೆ. ಮುಂಬೈಯ ಉಪ್ಪುಗಾಳಿ ಗೊತ್ತಲ್ಲ, ಕಿಟಕಿಯ ಸರಳನ್ನೇ ತಿನ್ನುತ್ತದೆ. ಜೂನಿನಿಂದ ಸಪ್ಟೆಂಬರ್ ತನಕ ನನ್ನ ಮೇಜಿನ ಮೇಲೆ ಇದೇ ಕಾಯಿಲೆಯವು ಸಾಲುಗಟ್ಟಿರುತ್ತವೆ.

ಹೀಗೆ ಮಾಡಿ. ಗೋಡೆಯ ಸ್ವಿಚ್ ಆಫ್ ಮಾಡಿ ವಯರ್ ಕಿತ್ತುಬಿಡಿ. ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದ ಕರೆಂಟ್ ಖಾಲಿಯಾಗಲಿ. ಪಕ್ಕದ ತಗಡಿನ ಮುಚ್ಚಳ ತೆಗೆಯಿರಿ, ಹಿಂದೆ ಎರಡು ಸ್ಕ್ರೂ ಇರುತ್ತವೆ. ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಒಮ್ಮೆ ಮುಟ್ಟಿ. ಮೈಯಲ್ಲಿ ಕೂಡಿಕೊಂಡ ಸ್ಟ್ಯಾಟಿಕ್ ಕರೆಂಟ್ ರ‍್ಯಾಮ್ ಚಿಪ್ಪಿಗೆ ವಿಷ. ಪಾಲಿಸ್ಟರ್ ಸೀರೆ, ಉಣ್ಣೆ ಕಂಬಳಿ ಎಲ್ಲ ದೂರ ಇರಲಿ. ಪ್ರೊಸೆಸರಿನ ಫ್ಯಾನ್ ಪಕ್ಕದಲ್ಲಿ ಉದ್ದಕ್ಕೆ ನಿಂತ ಪಟ್ಟಿಗಳೇ ರ‍್ಯಾಮ್. ತುದಿಯ ಕೊಕ್ಕೆ ಹೊರಕ್ಕೆ ಒತ್ತಿದರೆ ಪಟ್ಟಿ ಮೇಲೆ ಬರುತ್ತದೆ. ಅಂಚಿನ ಹಳದಿ ಕಾಲುಗಳನ್ನು ಬೆರಳಲ್ಲಿ ಮುಟ್ಟದೆ, ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬೋರ್ಡಿನಿಂದ ದೂರದಲ್ಲಿ ಕೊಡವಿ. ಒರೆಸುವ ಐಸೊಪ್ರೊಪೈಲ್ ಆಲ್ಕೊಹಾಲ್ ಇದ್ದರೆ ಇನ್ನೂ ಒಳ್ಳೆಯದು. ಉಪ್ಪುಕಾಗದ, ಸೆಂಟು, ಎಂಜಲು ಯಾವುದೂ ಬೇಡ, ಎಲ್ಲವನ್ನೂ ಕಂಡಿದ್ದೇನೆ. ಚಿನ್ನದ ಲೇಪ ಬಹಳ ತೆಳು, ಹಾಗಾಗಿ ಇದನ್ನು ವರ್ಷವರ್ಷ ಹಬ್ಬದ ಹಾಗೆ ಮಾಡಬಾರದು. ಆಮೇಲೆ ಒಂದೇ ಪಟ್ಟಿ ಹಾಕಿ, ನಡುವಿನ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದಲಿ, ಟಿಕ್ ಅನ್ನುವ ತನಕ ಒತ್ತಿ. ಚಾಲೂ ಮಾಡಿ ಒಂದು ನಿಮಿಷ ಕಾಯಿರಿ.

ಹಡಪಸರ್ ಹುಡುಗ:
ಅಣ್ಣಾರ, ನಡುವ ಬಾಯಿ ಹಾಕ್ತೇನಿ, ಸಿಟ್ಟಾಗಬ್ಯಾಡ್ರಿ. ನಂದೂ ನೋ ಸಿಗ್ನಲ್ ಗೋಳ. ಎರಡು ವರ್ಷ ರೊಕ್ಕ ಕೂಡಿಸಿ ಪಿಸಿ ನಾನ ಜೋಡಿಸೇನ್ರಿ. ಇಂಟೆಲ್ ಐ5-12400ಎಫ್ ಪ್ರೊಸೆಸರ್, ಮ್ಯಾಲೆ ಗ್ರಾಫಿಕ್ಸ್ ಕಾರ್ಡ್. ಒಳಗ ಲೈಟ್ ಎಲ್ಲಾ ದೀಪಾವಳಿ ಆಗ್ಯಾವು, ನಮ್ ಲಾಕ್ ದೀಪಾನೂ ಹತ್ತತೈತಿ, ಆರತೈತಿ. ಮಾನಿಟರ್ ಒಂದ ಹಟ ಹಿಡದೈತಿ. ಬೋರ್ಡ್ ಕೆಟ್ಟೈತೇನ್ರಿ?

ರಿಪೇರಿ ಅಣ್ಣ:
ತಮ್ಮಾ, ಬೋರ್ಡ್ ಆರಾಮ ಉಂಟು. ಕೇಬಲ್ ಎಲ್ಲಿ ಚುಚ್ಚಿದ್ದೀ? ಯುಎಸ್‌ಬಿ ಸಾಲಿನ ಪಕ್ಕದ ಎಚ್‌ಡಿಎಂಐನಲ್ಲಿ, ಅಲ್ವಾ? ಅದು ಬೋರ್ಡಿನದ್ದು. ಅಲ್ಲಿಂದ ಹೊರಡುವ ಚಿತ್ರ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿನಿಂದ ಬರಬೇಕು. 12400ರ ಕೊನೆಯ ‘ಎಫ್’ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಇಂಟೆಲ್‌ನವರೇ ಕೊಟ್ಟ ಗುರುತು. ಎಎಮ್‌ಡಿಯ ರೈಜನ್ ಪ್ರೊಸೆಸರುಗಳಲ್ಲಿ 5600, 5600ಜಿ ನಡುವೆಯೂ ಹೀಗೇ. ಜಿ ಇದ್ದದ್ದಕ್ಕೆ ಉಂಟು, ಬರಿಯದಕ್ಕೆ ಇಲ್ಲ. ಕೆಳಗೆ ಅಡ್ಡಕ್ಕೆ ಕೂತ ಕಾರ್ಡಿನ ಪೋರ್ಟಿಗೆ ಕೇಬಲ್ ಹಾಕು. ಕಾರ್ಡಿನ ಮೈಮೇಲೆ 8 ಪಿನ್ನಿನ ತೂತು ಇದ್ದರೆ ಪವರ್ ಸಪ್ಲೈಯಿಂದ ಅದಕ್ಕೂ ವಯರ್ ಹೋಗಿರಬೇಕು. ಕಾರ್ಡ್ ಕೂತ ಸ್ಲಾಟ್ ಕೊಡುವುದು 75 ವ್ಯಾಟ್ ಮಾತ್ರ, ಆ 8 ಪಿನ್ ಇನ್ನು 150 ವ್ಯಾಟ್ ತರುತ್ತದೆ.

ಹಡಪಸರ್ ಹುಡುಗ:
ಬಂತ್ರೀ ಅಣ್ಣಾರ! ಒಂದು ಕೇಬಲ್ ಸಲುವಾಗಿ ರಾತ್ರಿ ಮೂರರ ತನಾ ನಿದ್ದಿಗೆಟ್ಟೇನಿ. ಯಾರಿಗೂ ಹೇಳಬ್ಯಾಡ್ರಿ.

ಮುಲುಂಡ್ ಸದಸ್ಯ:
ಗುಂಪಿನಲ್ಲಿ ಆರುನೂರು ಜನ ಇದ್ದೇವೆ ತಮ್ಮಾ.

ಡೊಂಬಿವಲಿ ಸದಸ್ಯೆ:
ಅಣ್ಣ, ಎಲ್ಲ ನೀವು ಹೇಳಿದ ಹಾಗೇ ಮಾಡಿದೆ. ಪುನಃ ಅದೇ ನೋ ಸಿಗ್ನಲ್. ಕೈ ನಡುಗುತ್ತಿದೆ, ನಾನೇ ಏನಾದರೂ ಹಾಳು ಮಾಡಿದೆನಾ? ಒಳಗಿನ ಫೋಟೋ ಹಾಕುತ್ತೇನೆ.

ರಿಪೇರಿ ಅಣ್ಣ:
ಏನೂ ಹಾಳಾಗಿಲ್ಲ. ಫೋಟೋ ದೊಡ್ಡದು ಮಾಡಿ ಬಲಗಡೆಯ ಕೊಕ್ಕೆ ನೋಡಿ. ಎಡಗಡೆಯದ್ದು ನೆಟ್ಟಗೆ ನಿಂತಿದೆ, ಬಲಗಡೆಯದ್ದು ಇನ್ನೂ ಬಾಯಿ ತೆರೆದೇ ಉಂಟು. ಪಟ್ಟಿ ಒಂದು ಬದಿ ಮಾತ್ರ ಇಳಿದಿದೆ. ಹೆದರಿ ಮೆಲ್ಲಗೆ ಒತ್ತಿದ್ದೀರಿ. ಕರೆಂಟ್ ಕಿತ್ತು, ಎರಡು ಹೆಬ್ಬೆರಳು ಎರಡು ತುದಿಗಿಟ್ಟು, ಇಡ್ಲಿ ಸ್ಟ್ಯಾಂಡ್ ಕುಕ್ಕರಿಗೆ ಇಳಿಸುವಾಗಿನ ನಾಜೂಕು ಬಿಟ್ಟು ಸ್ವಲ್ಪ ಗಟ್ಟಿಯಾಗಿ ಒತ್ತಿ. ಕೊಕ್ಕೆ ತಾನಾಗಿ ಮುಚ್ಚಿಕೊಳ್ಳಬೇಕು.

ವಾಸ್ಕೋ ಸದಸ್ಯ:
ನನ್ನದೊಂದು ಚಿಕ್ಕ ಪ್ರಶ್ನೆ. ಆಫೀಸಿನ ಮಾನಿಟರಿಗೆ ಡಿಸ್‌ಪ್ಲೇ ಪೋರ್ಟ್ ಅನ್ನುವ ಬೇರೆ ಬಗೆಯ ತೂತು ಮಾತ್ರ ಇದೆ, ನನ್ನ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ. ಮಡಗಾಂವ್‌ನಲ್ಲಿ ಎರಡೂ ತುದಿ ಇರುವ ಒಂದು ಕೇಬಲ್ ಸಿಕ್ಕಿತು. ಹಾಕಿದರೆ ನೋ ಸಿಗ್ನಲ್.

ರಿಪೇರಿ ಅಣ್ಣ:
ಆ ಅಗ್ಗದ ಕೇಬಲ್ ಏಕಮುಖ ಸಂಚಾರದ ರಸ್ತೆ. ಕಂಪ್ಯೂಟರಿನ ಡಿಸ್‌ಪ್ಲೇ ಪೋರ್ಟಿನಿಂದ ಹೊರಟು ಎಚ್‌ಡಿಎಂಐ ಮಾನಿಟರಿಗೆ ಹೋಗುತ್ತದೆ, ತಿರುಗಿಸಿ ಹಾಕಿದರೆ ಹೋಗುವುದಿಲ್ಲ. ನಿಮಗೆ ಬೇಕಾದ್ದು ಎಚ್‌ಡಿಎಂಐಯಿಂದ ಡಿಸ್‌ಪ್ಲೇ ಪೋರ್ಟಿಗೆ ಬದಲಾಯಿಸುವ ಆಕ್ಟಿವ್ ಕನ್ವರ್ಟರ್. ಅದರಲ್ಲಿ ಒಂದು ಚಿಪ್ ಇರುತ್ತದೆ, ಸಾಮಾನ್ಯವಾಗಿ ಯುಎಸ್‌ಬಿಯಿಂದ ಕರೆಂಟ್ ಕೇಳುತ್ತದೆ. ಲ್ಯಾಪ್‌ಟಾಪಿಗೆ ಟೈಪ್-ಸಿ ಇದ್ದರೆ ಅದೂ ಒಂದು ದಾರಿ, ಆದರೆ ಎಲ್ಲ ಟೈಪ್-ಸಿ ತೂತೂ ಚಿತ್ರ ಕಳಿಸುವುದಿಲ್ಲ. ಮೊದಲು ಮಾಡೆಲ್ ನಂಬರ್ ಹಾಕಿ ನೋಡಿ, ಆಮೇಲೆ ದುಡ್ಡು ಬಿಚ್ಚಿ. ಇನ್ನು ಕಂಪ್ಯೂಟರ್ ನಿದ್ದೆಯಿಂದ (ಸ್ಲೀಪ್) ಎದ್ದ ಮೇಲೆ ಪರದೆ ಬರದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ತೆರೆದಿಟ್ಟ ಫೈಲ್ ಹೋಗುವುದಿಲ್ಲ.

ಡೊಂಬಿವಲಿ ಸದಸ್ಯೆ:
ಬಂತು ಬಂತು! ಟಿಕ್ ಅಂತ ಎರಡೂ ಬದಿ ಕೂತಿತು, ಪರದೆ ಬಂತು. ಆದರೆ ಕಪ್ಪು ಪರದೆಯಲ್ಲಿ ಏನೋ ‘ಚೆಕ್‌ಸಮ್’ ಅಂತ ಬರೆದು ಎಫ್1 ಒತ್ತಲು ಹೇಳಿತು. ಒತ್ತಿದೆ, ವಿಂಡೋಸ್ ತೆರೆಯಿತು. ಈಗ ರಿಟರ್ನ್ಸಿನ ವೆಬ್‌ಸೈಟ್ ಮಾತ್ರ ತೆರೆಯುವುದಿಲ್ಲ, ‘ಸಂಪರ್ಕ ಸುರಕ್ಷಿತವಲ್ಲ’ ಅನ್ನುತ್ತದೆ. ವೈರಸ್ಸಾ?

ರಿಪೇರಿ ಅಣ್ಣ:
ಬಲಗಡೆ ಕೆಳಗೆ ತಾರೀಖು ಎಷ್ಟು ತೋರಿಸುತ್ತದೆ?

ಡೊಂಬಿವಲಿ ಸದಸ್ಯೆ:
ಅಯ್ಯೋ, 2018ರ ಜನವರಿ 1!

ರಿಪೇರಿ ಅಣ್ಣ:
ಅದೇ ಕಾರಣ. ವೆಬ್‌ಸೈಟಿನ ಪ್ರಮಾಣಪತ್ರಕ್ಕೆ ಇಂಥ ತಾರೀಖಿನಿಂದ ಇಂಥ ತಾರೀಖಿನ ತನಕ ಅಂತ ಅವಧಿ ಇರುತ್ತದೆ. ನಿಮ್ಮ ಕಂಪ್ಯೂಟರ್ 2018ರಲ್ಲಿ ಕೂತುಕೊಂಡು ಅದನ್ನು ಸುಳ್ಳು ಅನ್ನುತ್ತಿದೆ. ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದ ಹಾಗಿನ ಬ್ಯಾಟರಿ ಉಂಟಲ್ಲ, ಸಿಆರ್2032, 3 ವೋಲ್ಟಿನದ್ದು, ಅದು ಸತ್ತಿದೆ. ಆ ‘ಚೆಕ್‌ಸಮ್’ ಸಂದೇಶ ಬಂದದ್ದೂ ಅದಕ್ಕೇ. ಇಷ್ಟು ದಿನ ಪ್ಲಗ್ಗಿನಲ್ಲೇ ಇದ್ದದ್ದರಿಂದ ಗೋಡೆಯ ಕರೆಂಟಿನಲ್ಲೇ ಗಡಿಯಾರ ನಡೆಯುತ್ತಿತ್ತು. ಮೂರು ದಿನ ಕಿತ್ತಿಟ್ಟಾಗ ಬಣ್ಣ ಬಯಲಾಯಿತು. ಸದ್ಯಕ್ಕೆ ತಾರೀಖು ಕೈಯಲ್ಲೇ ಸರಿಮಾಡಿ ಕೆಲಸ ಶುರು ಮಾಡಿ. ನಾಳೆ ವಾಚ್ ಅಂಗಡಿಯಿಂದ ಬ್ಯಾಟರಿ ತನ್ನಿ, ಪ್ಲಸ್ ಗುರುತು ಮೇಲೆ ಬರುವ ಹಾಗೆ ಕೂರಿಸಿ. ಎರಡನೆಯ ರ‍್ಯಾಮ್ ಪಟ್ಟಿಯನ್ನೂ ಆಗಲೇ ಹಾಕಿ, ಒಮ್ಮೆಗೇ ಮುಚ್ಚಳ ಮುಚ್ಚಬಹುದು.

ಡೊಂಬಿವಲಿ ಸದಸ್ಯೆ, ಮರುದಿನ:
ಬ್ಯಾಟರಿ ಹಾಕಿದೆ, ನಲವತ್ತು ರೂಪಾಯಿ. ಎರಡೂ ರ‍್ಯಾಮ್ ಕೂತವು, ಎರಡು ಫೈಲ್ ತುಂಬಿ ಮುಗಿಯಿತು. ಅಂಗಡಿಯವ ಬೆಳಿಗ್ಗೆ ಫೋನ್ ಮಾಡಿ ‘ಭಾಭಿ, ಮಾನಿಟರ್ ಭೇಜೂಂ?’ ಅಂತ ಕೇಳಿದ. ನಿಮಗೆ ಎಷ್ಟು ಕೊಡಬೇಕು ಅಣ್ಣ?

ರಿಪೇರಿ ಅಣ್ಣ:
ಗುಂಪಿನಲ್ಲಿ ಹೇಳಿದ್ದಕ್ಕೆ ಎಂತ ದುಡ್ಡು? ಗ್ರಾಂಟ್ ರೋಡ್ ಕಡೆ ಬಂದರೆ ಮಾತಾಡಿಸಿ ಹೋಗಿ. ರಸ್ತೆಯ ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಅಂತ ಇರುತ್ತದೆ, ಲ್ಯಾಮಿಂಗ್ಟನ್ ರೋಡ್ ಅಂತಲೇ ಕೇಳಿ. ಮತ್ತೆ ಮೇಜನ್ನು ಗೋಡೆಗೆ ಒತ್ತಿ ಇಡಬೇಡಿ ಅಕ್ಕ, ಅರ್ಧ ಅಡಿ ಬಿಡಿ. ಮಳೆ ಇನ್ನೂ ಎರಡು ತಿಂಗಳು ಉಂಟು.